ನಿಕ್ಕಲ್ ಮೈಯೊಳಗೆ ಹೊಕ್ಕಾಗ

ಶೃಂಗೇರಿಯಿಂದ ಕಿಗ್ಗ ದಾಟಿ, ಕಾಫಿ ತೋಟಗಳ ನಡುವಿನ ದಾರಿ ಹಿಡಿದರೆ ಸಿರಿಮನೆ ಜಲಪಾತ ಸಿಗುತ್ತದೆ. ಬಂಡೆಯ ಮೇಲಿಂದ ಜಾರಿ ಬೀಳುವ ಆ ನೀರಿಗೆ ವಿಶ್ರಾಂತಿ ಎಂಬುದಿಲ್ಲ. ಈ ಸೀಮೆಯ ಅನೇಕ ಮನೆಗಳ ನೀರಿನ ಕಥೆಯೂ ಹೆಚ್ಚುಕಡಿಮೆ ಅದೇ. ಗುಡ್ಡದ ಒರತೆಗೆ ಅಡಿಕೆ ಮರದ ದಂಬೆಯನ್ನೋ ಕಪ್ಪು ಪೈಪನ್ನೋ ಕೊಟ್ಟು ಹಿತ್ತಿಲಿನ ತೊಟ್ಟಿಗೆ ಬಿಟ್ಟರಾಯಿತು. ಹಗಲಿರುಳು ಧೋ ಎಂದು ಸುರಿಯುತ್ತಲೇ ಇರುತ್ತದೆ. ನಲ್ಲಿಗೊಂದು ತಿರುಪು ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಅಂಥ ಮನೆಯ ಮಗಳು ಓದಲೆಂದೋ ಕೆಲಸಕ್ಕೆಂದೋ ಬೆಂಗಳೂರಿಗೆ ಹೋದಳೆನ್ನಿ. ಅಲ್ಲಿ ಅಡುಗೆಮನೆಯಲ್ಲಿ ಬೆಳ್ಳಿಯಂತೆ ಮಿರಮಿರ ಮಿಂಚುವ ನಲ್ಲಿ. ಆ ಮಿಂಚು ಕ್ರೋಮಿಯಂನದು. ಅದರ ಕೆಳಗೆ, ಹಿತ್ತಾಳೆಗೂ ಕ್ರೋಮಿಯಂಗೂ ನಡುವೆ, ನಿಕ್ಕಲ್ ಲೋಹದ ತೆಳುವಾದ ಪದರವಿರುತ್ತದೆ. ಲೇಪ ಹಾಕುವಾಗ ನಲ್ಲಿಯ ಒಳಮೈಗೂ ಅಷ್ಟಿಷ್ಟು ನಿಕ್ಕಲ್ ಅಂಟಿಕೊಳ್ಳುವುದುಂಟು. ರಾತ್ರಿಯಿಡೀ ನಲ್ಲಿಯಲ್ಲಿ ನಿಂತ ನೀರು ಅದನ್ನು ಅಲ್ಪಸ್ವಲ್ಪ ಕರಗಿಸಿಕೊಳ್ಳುತ್ತದೆ. ಬೆಳಿಗ್ಗೆ ಎದ್ದವರು ಹಿಡಿಯುವ ಮೊದಲ ಲೋಟದ ನೀರಿನಲ್ಲಿ, ಅದರಲ್ಲೂ ನಲ್ಲಿ ಹೊಸದಾಗಿದ್ದರೆ, ನಿಕ್ಕಲ್ ಅಂಶ ಮಿತಿ ಮೀರಿರಬಹುದು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 0.02 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯದು 0.07 ಮಿಲಿಗ್ರಾಂ. ಮೊದಲ ನೀರನ್ನು ಪಾತ್ರೆ ತೊಳೆಯಲೋ ಗಿಡಕ್ಕೋ ಬಿಟ್ಟು ಆಮೇಲಿನ ನೀರನ್ನು ಕುಡಿಯಲು ಹಿಡಿದರೆ ತೊಂದರೆ ಅಲ್ಲಿಗೇ ಕಳೆಯಿತು.

ಇಷ್ಟು ಸಣ್ಣ ಪ್ರಮಾಣದ ಲೋಹಕ್ಕೆ ಇಷ್ಟೇಕೆ ಗಮನ ಎಂಬ ಪ್ರಶ್ನೆ ಏಳುವುದು ಸಹಜ. ನಿಕ್ಕಲ್ ದೇಹದೊಳಗೆ ಹೊಕ್ಕು ಮಾಡುವುದಾದರೂ ಏನು? ಈ ಪ್ರಶ್ನೆಯ ಉತ್ತರಕ್ಕೆ ಹಲವು ವರ್ಷ ದುಡಿದ ಒಂದು ಪ್ರಯೋಗಾಲಯ ಕರ್ನಾಟಕದಲ್ಲೇ ಇದೆ. ಅಲ್ಲಿಗೆ ಹೋಗುವ ಮೊದಲು ಲೋಹದ ಪರಿಚಯ ಚುಟುಕಾಗಿ ಆಗಲಿ.

ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಡ್ 1751ರಲ್ಲಿ ಇದನ್ನು ಬೇರ್ಪಡಿಸಿದ. ಜರ್ಮನಿಯ ಗಣಿ ಕಾರ್ಮಿಕರು ತಾಮ್ರದಂತೆ ಕಾಣುವ ಒಂದು ಅದಿರನ್ನು ಎಷ್ಟು ಕಾಯಿಸಿದರೂ ತಾಮ್ರ ಬಾರದಿದ್ದಾಗ ‘ಇದು ದೆವ್ವದ ಚೇಷ್ಟೆ’ ಎಂದು ಬೈದುಕೊಳ್ಳುತ್ತಿದ್ದರು. ಆ ಬೈಗುಳದಿಂದಲೇ ನಿಕ್ಕಲ್ ಎಂಬ ಹೆಸರು ಬಂತು. ಭಾರತದಲ್ಲಿ 1950ರ ದಶಕದ ಒಂದು ರೂಪಾಯಿ ನಾಣ್ಯ ಶುದ್ಧ ನಿಕ್ಕಲಿನದು. 1975ರ ನಂತರದ್ದು ತಾಮ್ರ ಮತ್ತು ನಿಕ್ಕಲಿನ ಮಿಶ್ರಲೋಹ. 1992ರಿಂದ ಬಂದ ರೂಪಾಯಿ ನಿಕ್ಕಲ್ ಬಳಸದ ಸ್ಟೀಲಿನದು, ಅಯಸ್ಕಾಂತಕ್ಕೆ ಅಂಟುತ್ತದೆ. ಅಡುಗೆಮನೆಯ ಒಳ್ಳೆಯ ಸ್ಟೀಲ್ ಪಾತ್ರೆಯ ಮೇಲೆ 18/8 ಎಂದು ಬರೆದಿದ್ದರೆ ಅದರಲ್ಲಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇದೆಯೆಂದು ಅರ್ಥ. ಅಗ್ಗದ ಕಿವಿಯೋಲೆ, ಪ್ಯಾಂಟಿನ ಗುಂಡಿ, ಕೈಗಡಿಯಾರದ ಹಿಂಬದಿ, ಮರುಪೂರಣದ ಬ್ಯಾಟರಿ, ವನಸ್ಪತಿ ತಯಾರಿಸುವ ಕಾರ್ಖಾನೆಯ ವೇಗವರ್ಧಕ, ಎಲ್ಲೆಲ್ಲೂ ಅದು ಹಾಜರು. ಬೀಡಿ, ಸಿಗರೇಟಿನ ಹೊಗೆಯಲ್ಲೂ ಇದೆ.

ಅಡಿಕೆ ತೋಟಕ್ಕೂ ನಿಕ್ಕಲಿಗೂ ನಂಟುಂಟು ಎಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕೃಷಿಕರು ಹುಬ್ಬೇರಿಸಬಹುದು. ತೋಟಕ್ಕೆ ಹಾಕುವ ಯೂರಿಯಾವನ್ನು ಒಡೆದು ಗಿಡಕ್ಕೆ ಒದಗುವಂತೆ ಮಾಡುವುದು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿರುವ ಯೂರಿಯೇಸ್ ಎಂಬ ಕಿಣ್ವ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಈ ಕಿಣ್ವವನ್ನು ಅವರೆ ಜಾತಿಯ ಒಂದು ಕಾಳಿನಿಂದ ಹರಳಾಗಿಸಿ ತೋರಿಸಿದ. ಕಿಣ್ವವೊಂದು ಹರಳಾದದ್ದು ಅದೇ ಮೊದಲು. 1946ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಅದರ ಗರ್ಭದಲ್ಲಿ ನಿಕ್ಕಲ್ ಪರಮಾಣುಗಳು ಕುಳಿತಿವೆ ಎಂದು ಗೊತ್ತಾಗಲು ಮತ್ತೆ ಅರ್ಧ ಶತಮಾನ, ಅಂದರೆ 1975ರವರೆಗೆ ಕಾಯಬೇಕಾಯಿತು. ಗಿಡಗಳಿಗೆ ನಿಕ್ಕಲ್ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಬೇಕೇ ಬೇಕು. ಆದ್ದರಿಂದ ಕಾಳು, ಬೀಜ, ಚಹಾ, ಕೋಕೋಗಳಲ್ಲಿ ಅದು ಸಹಜವಾಗಿಯೇ ಇರುತ್ತದೆ. ಸಾಧಾರಣ ಊಟದಿಂದ ದಿನಕ್ಕೆ 0.1ರಿಂದ 0.3 ಮಿಲಿಗ್ರಾಂ ನಿಕ್ಕಲ್ ಹೊಟ್ಟೆ ಸೇರುತ್ತದೆ. ಅದರಲ್ಲಿ ರಕ್ತಕ್ಕಿಳಿಯುವುದು ನೂರಕ್ಕೆ ಒಂದು ಪಾಲಿನ ಆಸುಪಾಸು. ರಕ್ತಕ್ಕಿಳಿದದ್ದನ್ನೂ ಮೂತ್ರಪಿಂಡಗಳು ಸೋಸಿ ಹೊರಹಾಕುತ್ತವೆ.

ಅದೇ ಲೋಹ ದೂಳಾಗಿ ಉಸಿರಿನೊಡನೆ ಒಳಹೋದರೆ ಕಥೆ ಬೇರೆ. ವೇಲ್ಸ್‌ನ ಕ್ಲಿಡಾಕ್ ಎಂಬಲ್ಲಿ 1902ರಲ್ಲಿ ಶುರುವಾದ ನಿಕ್ಕಲ್ ಶುದ್ಧೀಕರಣ ಕಾರ್ಖಾನೆಯಲ್ಲಿ ಆರಂಭದ ದಶಕಗಳಲ್ಲಿ ದುಡಿದವರಿಗೆ ಮೂಗಿನ ಮತ್ತು ಶ್ವಾಸಕೋಶದ ಕ್ಯಾನ್ಸರ್ ವಿಪರೀತವಾಗಿ ತಗುಲಿತು. ಮುಂದೆ 1990ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿಕ್ಕಲಿನ ಸಂಯುಕ್ತಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೇ ಸೇರಿಸಿತು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಲೋಹಕ್ಕೆ ಮಿಂಚಿನ ಲೇಪ ಕೊಡುವ ಸಣ್ಣಪುಟ್ಟ ಘಟಕಗಳಿವೆ. ನಿಕ್ಕಲ್ ಸಲ್ಫೇಟಿನ ಹಸಿರು ದ್ರಾವಣದ ತೊಟ್ಟಿಯ ಮುಂದೆ ದಿನವಿಡೀ ನಿಲ್ಲುವವರಿಗೆ ಈ ವಿಷಯ ಪಠ್ಯಪುಸ್ತಕದ್ದಲ್ಲ, ಹೊಟ್ಟೆಪಾಡಿನದು.

ಈಗ ಆ ಪ್ರಯೋಗಾಲಯಕ್ಕೆ ಬರೋಣ. ಅದು ಇರುವುದು ವಿಜಯಪುರದಲ್ಲಿ. ಆಗಿನ್ನೂ ಬಿಜಾಪುರವೆಂದೇ ಕರೆಸಿಕೊಳ್ಳುತ್ತಿದ್ದ ಆ ಊರಿನ ಅಲ್-ಅಮೀನ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದಲ್ಲಿ ಡಾ. ಕುಸಾಲ್ ದಾಸ್, ಡಾ. ಎಸ್. ಎ. ಧುಂಡಸಿ ಮತ್ತು ಸಂಗಡಿಗರು 2000ದ ದಶಕದಲ್ಲಿ ಬಿಳಿ ಇಲಿಗಳ ಮೇಲೆ ನಿಕ್ಕಲ್ ಸಲ್ಫೇಟಿನ ಪರಿಣಾಮ ಪರೀಕ್ಷಿಸಿದರು. ಮುಂದೆ ದಾಸ್ ಅದೇ ಊರಿನ ಬಿಎಲ್‌ಡಿಇ ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಈ ಲೋಹದ ಬೆನ್ನು ಬಿಡಲಿಲ್ಲ. ಅವರು 2007ರಲ್ಲಿ ಸಹಲೇಖಕರೊಬ್ಬರೊಡನೆ ಬರೆದ ಸಮೀಕ್ಷಾ ಲೇಖನದ ವಿಷಯ ಪ್ರಾಣಿಗಳ ಅಂಗಾಂಶದ ಮೇಲೆ ನಿಕ್ಕಲ್ ತರುವ ಉತ್ಕರ್ಷಣ ಒತ್ತಡ. ಮರುವರ್ಷ ದಾಸ್ ಮತ್ತು ಧುಂಡಸಿಯವರ ತಂಡದ ಇನ್ನೊಂದು ಸಮೀಕ್ಷೆ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಬಂತು. ದೊಡ್ಡ ನಗರದ ದೊಡ್ಡ ಸಂಸ್ಥೆಗಳಲ್ಲಿ ಮಾತ್ರ ಸಂಶೋಧನೆ ನಡೆಯುತ್ತದೆಂದು ತಿಳಿದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಉತ್ಕರ್ಷಣ ಒತ್ತಡ ಎಂದರೇನು? ಡಬ್ಬಿಯ ತಳದಲ್ಲಿ ಮರೆತುಹೋದ ಕೊಬ್ಬರಿಯ ತುಂಡು ನೆನಪಿಸಿಕೊಳ್ಳಿ. ಕೆಲವು ತಿಂಗಳಲ್ಲಿ ಅದು ಕಮಟು ಹಿಡಿಯುತ್ತದೆ. ಗಾಳಿಯಲ್ಲಿನ ಆಮ್ಲಜನಕ ಎಣ್ಣೆಯ ಅಣುಗಳನ್ನು ಕಚ್ಚಿ ತುಂಡರಿಸಿದ್ದರ ವಾಸನೆ ಅದು. ಜೀವಕೋಶದ ಸುತ್ತ ಇರುವ ಪೊರೆಯೂ ಕೊಬ್ಬಿನದೇ. ಕೋಶ ಉಸಿರಾಡುವಾಗ, ಅಂದರೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ, ಸ್ವಲ್ಪ ಆಮ್ಲಜನಕ ದಾರಿ ತಪ್ಪಿ ಉಡಾಳ ಅಣುಗಳಾಗಿ ಅಡ್ಡಾಡುತ್ತದೆ. ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಇವೆಲ್ಲ ಆ ಗುಂಪಿನವು. ಕೈಗೆ ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎಗಳನ್ನು ಅವು ಕೆಡಿಸುತ್ತವೆ. ಬದುಕಿರುವ ದೇಹವೂ ಒಳಗೊಳಗೇ ಕೊಂಚ ಕೊಂಚ ಕಮಟು ಹಿಡಿಯುತ್ತಿರುತ್ತದೆ ಎಂದರೂ ನಡೆದೀತು.

ಪುಣ್ಯಕ್ಕೆ ಕೋಶದಲ್ಲಿ ಕಾವಲುಗಾರರಿದ್ದಾರೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಸೂಪರ್‌ಆಕ್ಸೈಡನ್ನು ಹಿಡಿದು ಪೆರಾಕ್ಸೈಡ್ ಮಾಡುತ್ತದೆ. ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಆ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಕ್ಯಾಟಲೇಸಿನ ಕೆಲಸವನ್ನು ಕಣ್ಣಾರೆ ನೋಡಬಹುದು: ಗಾಯ ತೊಳೆಯಲೆಂದು ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡನ್ನು ಆಗಷ್ಟೇ ಕೊಯ್ದ ಹಸಿ ಆಲೂಗಡ್ಡೆಯ ಮೇಲೆ ಎರಡು ಹನಿ ಹಾಕಿದರೆ ನೊರೆ ಉಕ್ಕುತ್ತದೆ. ಬೇಯಿಸಿದ ಆಲೂಗಡ್ಡೆಯ ಮೇಲೆ ಹಾಕಿದರೆ ಉಕ್ಕುವುದಿಲ್ಲ, ಕಿಣ್ವ ಬೆಂದುಹೋಗಿರುತ್ತದೆ. ಇವೆರಡರ ಜತೆಗೆ ಗ್ಲುಟಾಥಯೋನ್ ಎಂಬ ಪುಟ್ಟ ಅಣುವೊಂದು ಕೋಶದ ತುಂಬ ಹರಡಿಕೊಂಡಿದೆ. ಉಡಾಳ ಅಣುಗಳಿಗೆ ತಾನೇ ಬಲಿಯಾಗಿ ಉಳಿದವರನ್ನು ಕಾಯುವ ಗುಣ ಅದರದು. ಉಡಾಳರ ಸಂಖ್ಯೆ ಕಾವಲುಗಾರರ ಕೈ ಮೀರಿದಾಗಿನ ಸ್ಥಿತಿಯೇ ಉತ್ಕರ್ಷಣ ಒತ್ತಡ.

ಕಬ್ಬಿಣ, ತಾಮ್ರಗಳ ಹಾಗೆ ನಿಕ್ಕಲ್ ತಾನೇ ನೇರವಾಗಿ ಉಡಾಳ ಅಣುಗಳನ್ನು ಹುಟ್ಟಿಸುವುದರಲ್ಲಿ ಅಷ್ಟೇನೂ ಚುರುಕಲ್ಲ. ಅದರ ದಾರಿ ಕಳ್ಳದಾರಿ. ಕಾವಲುಗಾರ ಗ್ಲುಟಾಥಯೋನನ್ನು ಅದು ಬರಿದು ಮಾಡುತ್ತದೆ. ಕೆಲವು ಕಿಣ್ವಗಳಲ್ಲಿ ಕಬ್ಬಿಣ ಕುಳಿತಿರಬೇಕಾದ ಪೀಠದಲ್ಲಿ ತಾನು ಹೋಗಿ ಕೂರುತ್ತದೆ. ಕೋಶಕ್ಕೆ ಆಮ್ಲಜನಕ ಸಾಕಷ್ಟಿದೆಯೇ ಎಂದು ಅಳೆಯುವ ಕಿಣ್ವವೂ ಇಂಥ ಕಬ್ಬಿಣದ ಪೀಠದ್ದೇ. ಅಲ್ಲಿ ನಿಕ್ಕಲ್ ಕೂತಿತೆಂದರೆ, ಸುತ್ತ ಬೇಕಾದಷ್ಟು ಆಮ್ಲಜನಕವಿದ್ದರೂ ಕೋಶ ತನಗೆ ಉಸಿರು ಕಟ್ಟಿತೆಂದೇ ನಂಬಿ ಬೇಡದ ಜೀನ್‌ಗಳನ್ನೆಲ್ಲ ಎಬ್ಬಿಸಿಬಿಡುತ್ತದೆ. ಕ್ಯಾನ್ಸರ್‌ಗೂ ಈ ಮೋಸಕ್ಕೂ ಸಂಬಂಧವಿದೆಯೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ವಿಜಯಪುರದ ಪ್ರಯೋಗದಲ್ಲಿ ಇಲಿಯ ತೂಕದ ಪ್ರತಿ 100 ಗ್ರಾಮಿಗೆ 2 ಮಿಲಿಗ್ರಾಂ ನಿಕ್ಕಲ್ ಸಲ್ಫೇಟನ್ನು ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿದರು. ದಿನ ಬಿಟ್ಟು ದಿನ ಹೀಗೆ ಹತ್ತು ಸಲ. ಇನ್ನೊಂದು ಗುಂಪಿಗೆ ಇದರ ಜತೆಗೆ ಪ್ರತಿ 100 ಗ್ರಾಮಿಗೆ 50 ಮಿಲಿಗ್ರಾಂ ಸಿ ಜೀವಸತ್ವ ಕುಡಿಸಿದರು. ಆಮೇಲೆ ಯಕೃತ್ತು ಮೊದಲಾದ ಅಂಗಾಂಶಗಳನ್ನು ಪರೀಕ್ಷಿಸಿದರು. ಮನುಷ್ಯರ ಯಕೃತ್ತನ್ನು ಹೀಗೆ ಕೊಯ್ದು ನೋಡುವಂತಿಲ್ಲ. ಇಲಿಯ ಪಾಲಿಗೆ ಆ ಭಾಗ್ಯವಿಲ್ಲ. ಅದಕ್ಕೇ ಇಂಥ ಪ್ರತಿ ಪ್ರಯೋಗವೂ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆದೇ ನಡೆಯಬೇಕೆಂಬ ಕಟ್ಟುಪಾಡು ದೇಶದಲ್ಲಿದೆ.

ಅಂಗಾಂಶ ಎಷ್ಟು ಕಮಟು ಹಿಡಿದಿದೆ ಎಂದು ಅಳೆಯುವ ಬಗೆ ಸೊಗಸಾಗಿದೆ. ಕೊಬ್ಬು ಒಡೆದಾಗ ಮ್ಯಾಲೋನ್‌ಡೈಆಲ್ಡಿಹೈಡ್ ಎಂಬ ಚೂರು ಉಳಿಯುತ್ತದೆ. ಅದಕ್ಕೆ ಥಯೋಬಾರ್ಬಿಟ್ಯೂರಿಕ್ ಆಮ್ಲ ಬೆರೆಸಿ ಕಾಯಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಹಾನಿ ಹೆಚ್ಚು. ನಿಕ್ಕಲ್ ಪಡೆದ ಇಲಿಗಳ ಯಕೃತ್ತಿನಲ್ಲಿ ಈ ಹಾನಿ ಏರಿತ್ತು, ಕಾವಲು ಕಿಣ್ವಗಳ ಚಟುವಟಿಕೆ ಇಳಿದಿತ್ತು. ರಕ್ತದ ಕೊಬ್ಬಿನ ಲೆಕ್ಕವೂ ಏರುಪೇರಾಗಿತ್ತು. ಸಿ ಜೀವಸತ್ವವನ್ನೂ ಪಡೆದ ಗುಂಪಿನಲ್ಲಿ ಹಾನಿ ಗಮನಾರ್ಹವಾಗಿ ತಗ್ಗಿತ್ತು. ಇದೇ ತಂಡ 2008ರಲ್ಲಿ ಬೆಳ್ಳುಳ್ಳಿಯ ಸಾರವನ್ನೂ ಪರೀಕ್ಷಿಸಿ ಅದಕ್ಕೂ ಕಾಯುವ ಗುಣವಿದೆಯೆಂದು ವರದಿ ಮಾಡಿತು. ಬೆಳ್ಳುಳ್ಳಿ ಮುಟ್ಟದ ಮನೆಯವರು ಸಿ ಜೀವಸತ್ವದ ಪಕ್ಷ ವಹಿಸಬಹುದು.

ಇಂಥ ಫಲಿತಾಂಶ ಹೊರಬಿದ್ದರೆ ಸಾಕು, ‘ನೆಲ್ಲಿಕಾಯಿ ತಿನ್ನಿ, ಮೈಯಲ್ಲಿರುವ ಲೋಹದ ವಿಷವೆಲ್ಲ ತೊಳೆದುಹೋಗುತ್ತದೆ’ ಎಂಬ ಸಂದೇಶಗಳು ಫೋನಿನಿಂದ ಫೋನಿಗೆ ಓಡಾಡತೊಡಗುತ್ತವೆ. ಹಿಂದೆಯೇ ‘ಸ್ಟೀಲ್ ಪಾತ್ರೆ ಎಂದರೆ ವಿಷದ ಬಟ್ಟಲು’ ಎಂಬುದೂ ಬರುತ್ತದೆ. ಎರಡನ್ನೂ ಒಂದಿಷ್ಟು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಎಂಟನೆಯ ತರಗತಿಯ ಗಣಿತ ಸಾಕು.

ಇಲಿಯ ಪ್ರಮಾಣವನ್ನು ಹಾಗೆಯೇ 50 ಕಿಲೋ ತೂಕದ ಮನುಷ್ಯನಿಗೆ ಹಾಕಿದರೆ ಒಂದು ಸಲಕ್ಕೆ 1 ಗ್ರಾಂ ನಿಕ್ಕಲ್ ಸಲ್ಫೇಟ್ ಆಗುತ್ತದೆ. ಹರಳಿನ ರೂಪದ ಆ ಲವಣದಲ್ಲಿ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ನಿಕ್ಕಲ್ ಇರುತ್ತದೆ, ಅಂದರೆ ಸುಮಾರು 220 ಮಿಲಿಗ್ರಾಂ. ಸಣ್ಣ ಪ್ರಾಣಿಯ ದೇಹ ಚುರುಕಾಗಿ ಉರಿಯುವುದರಿಂದ ಇಲಿಯ ಲೆಕ್ಕವನ್ನು ಮನುಷ್ಯನಿಗೆ ಹೊಂದಿಸುವಾಗ ವಿಜ್ಞಾನಿಗಳು ಸುಮಾರು ಆರರಿಂದ ಭಾಗಿಸುತ್ತಾರೆ. ಹಾಗೆ ಭಾಗಿಸಿದರೂ 36 ಮಿಲಿಗ್ರಾಂ ಉಳಿಯಿತು. ದಿನದ ಊಟದಲ್ಲಿರುವುದು ಹೆಚ್ಚೆಂದರೆ 0.3 ಮಿಲಿಗ್ರಾಂ, ಇದು ಅದರ ನೂರಿಪ್ಪತ್ತು ಪಟ್ಟು. ಅದೂ ಕರುಳಿನ ಕಾವಲು ದಾಟಬೇಕಾಗಿಲ್ಲದೆ ಸೂಜಿಯ ಮೂಲಕ ನೇರ ಒಳಹೋದದ್ದು. ನಿಕ್ಕಲ್ ಯಾವ ಬಗೆಯಲ್ಲಿ ಹಾನಿ ಮಾಡುತ್ತದೆಂದು ಕಾಣಲು ಅಷ್ಟು ದೊಡ್ಡ ಪ್ರಮಾಣ ಬೇಕಾಗುತ್ತದೆ. ಅಡುಗೆಮನೆಯ ತಟ್ಟೆ ಲೋಟಗಳು ಎಷ್ಟು ಹಾನಿ ಮಾಡುತ್ತವೆ ಎಂಬ ಪ್ರಶ್ನೆಯನ್ನು ಆ ಪ್ರಯೋಗ ಕೇಳಿಯೇ ಇಲ್ಲ.

ಸಿ ಜೀವಸತ್ವದ ಲೆಕ್ಕ ಇನ್ನೂ ತಮಾಷೆಯದು. ಇಲಿಯ ಪ್ರಮಾಣ ಮನುಷ್ಯನಿಗೆ 25 ಗ್ರಾಂ ಆಗುತ್ತದೆ. ಒಂದು ಕಿತ್ತಳೆಯಲ್ಲಿ 60 ಮಿಲಿಗ್ರಾಂ ಎಂದಿಟ್ಟುಕೊಂಡರೆ ನಾನೂರಕ್ಕೂ ಹೆಚ್ಚು ಕಿತ್ತಳೆ. ಆರರಿಂದ ಭಾಗಿಸಿದರೂ ಎಪ್ಪತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ದಿನದ ಅಗತ್ಯ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಮಾತ್ರ. ಗ್ರಾಂಗಟ್ಟಲೆ ಮಾತ್ರೆ ನುಂಗಿದರೆ ಹೊಟ್ಟೆ ಕೆಡುತ್ತದೆ, ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲೂ ಆಗಬಹುದು. ಇನ್ನೊಂದು ಸ್ವಾರಸ್ಯ: ಇಲಿಗೆ ಸಿ ಜೀವಸತ್ವ ಹೊರಗಿನಿಂದ ಬೇಕಾಗಿಯೇ ಇಲ್ಲ. ಅದು ತನ್ನ ಯಕೃತ್ತಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯ, ಮಂಗ, ಗಿನಿಯಿಲಿ ಮುಂತಾದ ಕೆಲವರು ಮಾತ್ರ ಆ ವಿದ್ಯೆ ಕಳೆದುಕೊಂಡವರು. ತಾನೇ ತಯಾರಿಸಿಕೊಳ್ಳಬಲ್ಲ ಪ್ರಾಣಿಗೂ ಹೊರಗಿನ ಸಿ ಜೀವಸತ್ವ ನೆರವಾಯಿತು ಎಂಬುದು ಪ್ರಯೋಗದ ಕುತೂಹಲಕರ ಅಂಶ. ಅದನ್ನು ಮಾತ್ರೆ ಮಾರುವವರ ಜಾಹೀರಾತಾಗಿ ಓದಿಕೊಳ್ಳಬೇಕಿಲ್ಲ. ಮನೆಯ ಹಿತ್ತಿಲಿನ ಪೇರಲೆ, ನಿಂಬೆ, ನೆಲ್ಲಿ ಅವು ಹಣ್ಣುಗಳೆಂಬ ಕಾರಣಕ್ಕೇ ತಿನ್ನಲು ಯೋಗ್ಯ.

ಹಾಗಾದರೆ ಮನೆಯಲ್ಲಿ ಗಮನಿಸಬೇಕಾದದ್ದು ಏನೂ ಇಲ್ಲವೇ? ಇದೆ, ಆದರೆ ಗಾಬರಿಯಾಗುವಂಥದ್ದಲ್ಲ. ಅಮೆರಿಕದ ಸಂಡರ್‌ಮನ್ ಮತ್ತು ಸಂಗಡಿಗರು 1989ರಲ್ಲಿ ಸ್ವಯಂಸೇವಕರಿಗೆ ನಿಕ್ಕಲ್ ಕೊಟ್ಟು ನೋಡಿದರು. ಊಟದೊಂದಿಗೆ ಕೊಟ್ಟದ್ದರಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ರಕ್ತಕ್ಕಿಳಿಯಿತು. ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಕೊಟ್ಟದ್ದರಲ್ಲಿ ನೂರಕ್ಕೆ 27 ಪಾಲು! ಬೆಳಿಗ್ಗೆ ಎದ್ದೊಡನೆ ಬರಿಹೊಟ್ಟೆಗೆ ಒಂದು ಚೊಂಬು ನೀರು ಕುಡಿಯುವ ಪದ್ಧತಿಯವರು ನಲ್ಲಿಯ ಮೊದಲ ನೀರನ್ನು ಬಿಡಬೇಕೆನ್ನುವುದು ಇದಕ್ಕೇ. ರಾತ್ರಿಯೇ ಕೊಡಪಾನದಲ್ಲಿ ಹಿಡಿದಿಟ್ಟರೂ ಆಯಿತು.

ಇನ್ನು ಪಾತ್ರೆ. ಅಮೆರಿಕದ ಒರೆಗಾನ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಟೀಲ್ ಪಾತ್ರೆಗಳಲ್ಲಿ ಟೊಮೆಟೊ ಗೊಜ್ಜನ್ನು ಗಂಟೆಗಟ್ಟಲೆ ಕುದಿಸಿದರು. ಹೊಚ್ಚ ಹೊಸ ಪಾತ್ರೆ ಹೆಚ್ಚು ನಿಕ್ಕಲ್ ಬಿಟ್ಟಿತು. ಬಳಸುತ್ತ ಬಳಸುತ್ತ ಅದು ಇಳಿಯಿತು. ಹತ್ತನೆಯ ಸಲ ಬೇಯಿಸಿದ ಮೇಲೆ ಒಬ್ಬರ ಪಾಲಿನ ಗೊಜ್ಜಿಗೆ ಸರಾಸರಿ 0.088 ಮಿಲಿಗ್ರಾಂ. ಮಲೆನಾಡಿನ ಮನೆಗಳಲ್ಲಿ ಅಪ್ಪೆಹುಳಿ, ಪುನರ್ಪುಳಿ, ವಾಟೆಹುಳಿ ಎಂದು ಹುಳಿಗೆ ಬರವಿಲ್ಲ. ಹೊಸ ಸ್ಟೀಲ್ ಪಾತ್ರೆಯಲ್ಲಿ ಮೊದಲ ಕೆಲವು ಸಲ ಅನ್ನ, ಹಾಲು ಕಾಯಿಸಿ, ಹುಳಿಯ ಅಡುಗೆಯನ್ನು ಆಮೇಲೆ ಮಾಡಬಹುದು. ಮಾಡಿದ್ದನ್ನು ರಾತ್ರಿಯಿಡೀ ಅದರಲ್ಲೇ ಬಿಡದಿರಬಹುದು. ಹಳೆಯ ಕಾಲದ ಕಲ್ಲುಮರಿಗೆಯೇ ಲೇಸು ಎಂದು ಅಜ್ಜಿಯಂದಿರು ವಾದಿಸುವುದುಂಟು. ಆದರೆ ಬಳಪದ ಕಲ್ಲಿನಲ್ಲೂ ನಿಕ್ಕಲ್ ಇರುತ್ತದೆ. ಬ್ರೆಜಿಲ್‌ನಲ್ಲಿ ಇಂಥ ಕಲ್ಲಿನ ಪಾತ್ರೆಗಳನ್ನು ಪರೀಕ್ಷಿಸಿದವರು, ಎಣ್ಣೆ ಸವರಿ ಕಾಯಿಸಿ ಪಳಗಿಸದ ಪಾತ್ರೆ ನಿಕ್ಕಲ್ ಬಿಡುತ್ತದೆಂದು ಕಂಡು, ಪಳಗಿಸಿಯೇ ಬಳಸಿರೆಂದು ಹೇಳಿದ್ದಾರೆ. ಕಲ್ಲಿನ ಪಾತ್ರೆ ತಂದ ದಿನವೇ ಒಲೆಗಿಡದೆ ಪಳಗಿಸುತ್ತಿದ್ದ ಅಜ್ಜಿಯಂದಿರು ಪಾತ್ರೆ ಒಡೆಯಬಾರದೆಂದು ಹಾಗೆ ಮಾಡುತ್ತಿದ್ದರು. ಲೋಹದ ಲೆಕ್ಕವೂ ಅದರೊಳಗೆ ಸೇರಿಹೋಗಿತ್ತು.

ತಂದೆತಾಯಂದಿರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದ್ದು ಮಕ್ಕಳ ಕಿವಿಯ ವಿಷಯದಲ್ಲಿ. ಹೊಸದಾಗಿ ಚುಚ್ಚಿದ ಕಿವಿಗೆ ಜಾತ್ರೆಯ ಅಗ್ಗದ ಓಲೆ ಹಾಕಿದರೆ ಬೆವರು ಮತ್ತು ಗಾಯದ ರಸಿಕೆಗೆ ನಿಕ್ಕಲ್ ಕರಗಿ ಚರ್ಮಕ್ಕಿಳಿಯುತ್ತದೆ. ಒಮ್ಮೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡಿತೆಂದರೆ ಆ ಒಗ್ಗದಿಕೆ ಸಾಮಾನ್ಯವಾಗಿ ಜನ್ಮವಿಡೀ ಉಳಿಯುತ್ತದೆ. ಮುಂದೆ ಗಡಿಯಾರ, ಗುಂಡಿ, ಬಕಲ್ ತಗುಲಿದಲ್ಲೆಲ್ಲ ತುರಿಕೆ, ಕಜ್ಜಿ. ಐರೋಪ್ಯ ದೇಶಗಳು 1994ರಲ್ಲೇ ಆಭರಣಗಳಿಂದ ಹೊರಬರಬಹುದಾದ ನಿಕ್ಕಲಿಗೆ ಕಾನೂನಿನ ಮಿತಿ ಹಾಕಿದವು.

ಓಲೆಯಲ್ಲಿ ನಿಕ್ಕಲ್ ಇದೆಯೇ ಇಲ್ಲವೇ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಪಿಯುಸಿ ವಿಜ್ಞಾನ ಓದುವವರು ಲವಣ ವಿಶ್ಲೇಷಣೆಯ ತರಗತಿಯಲ್ಲಿ ಡೈಮೀಥೈಲ್ ಗ್ಲೈಆಕ್ಸಿಮ್ ಬಳಸಿರುತ್ತಾರೆ. ಅಮೋನಿಯ ಬೆರೆತ ನಿಕ್ಕಲ್ ದ್ರಾವಣಕ್ಕೆ ಅದನ್ನು ಹಾಕಿದೊಡನೆ ಗುಲಾಬಿಗೆಂಪಿನ ಒತ್ತರ ಬೀಳುತ್ತದೆ. ಚರ್ಮರೋಗ ವೈದ್ಯರು ಒಡವೆ ಪರೀಕ್ಷಿಸಲು ಬಳಸುವುದೂ ಅದನ್ನೇ. ಹತ್ತಿಯ ಕಡ್ಡಿಗೆ ಎರಡರ ತಲಾ ಒಂದೆರಡು ಹನಿ ಹಾಕಿ ಓಲೆಯ ತಿರುಪನ್ನು ಅರ್ಧ ನಿಮಿಷ ಉಜ್ಜಬೇಕು. ಅಧ್ಯಾಪಕರ ಅನುಮತಿ ಪಡೆದು, ಪ್ರಯೋಗಾಲಯದಲ್ಲೇ ಮಾಡಬೇಕಾದ ಕೆಲಸ ಇದು. ಹತ್ತಿ ಗುಲಾಬಿಯಾದರೆ ಆ ಜೋಡಿ ತಂಗಿಯ ಕಿವಿಗೆ ಬೇಡ.